ಮೋಟಾರು ವಿಮೆಯ ಬೆಲೆ

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬುದು ನಮ್ಮ ಹಿರಿಯರ ಮಾತು. ವಿಮೆಯ ಮೂಲತತ್ತ್ವವೂ ಇದೇ. ಸಾವಿರಾರು ಮಂದಿ ಕೊಡುವ ಸಣ್ಣ ಕಂತುಗಳು ಒಂದೆಡೆ ಕೂಡಿ, ಅವರಲ್ಲಿ ಅಪಘಾತಕ್ಕೆ ಸಿಕ್ಕಿದ ಕೆಲವರ ನಷ್ಟವನ್ನು ತುಂಬುತ್ತವೆ. ಹಾಗಾದರೆ ಎಲ್ಲರೂ ಒಂದೇ ಸಮನಾದ ಕಂತನ್ನು ಏಕೆ ಕೊಡುವುದಿಲ್ಲ? ಈ ಪ್ರಶ್ನೆ ನನಗೆ ಹುಟ್ಟಿದ್ದು ಅರ್ಥಶಾಸ್ತ್ರದ ತರಗತಿಯಲ್ಲಲ್ಲ, ಮನೆಯ ಜಗುಲಿಯ ಮೇಲೆ.

ಕಳೆದ ವರ್ಷ ನನ್ನ ಸೋದರಮಾವನವರು ಆರು ವರ್ಷ ಓಡಿದ್ದ ಕಾರೊಂದನ್ನು ಕೊಂಡರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ ಇಂಗ್ಲಿಷಿನ ಕಾಗದಗಳೆಲ್ಲ ನನ್ನ ಪಾಲಿಗೆ ಬರುತ್ತವೆ. ಏಜೆಂಟರೊಬ್ಬರು ಭರ್ತಿಮಾಡಿ ತಂದಿದ್ದ ವಿಮೆಯ ಅರ್ಜಿಯನ್ನು ಮಾವ ನನ್ನ ಮುಂದಿಟ್ಟು, "ಬಹಳ ಅಗ್ಗಕ್ಕೆ ಮಾಡಿಕೊಡುತ್ತಾರಂತೆ, ಒಮ್ಮೆ ನೋಡಯ್ಯ" ಎಂದರು. ಅದನ್ನು ನೋಡುತ್ತ ನಾನು ಕಲಿತುದನ್ನೇ ಸಹಪಾಠಿಗಳ ಮುಂದೆ ಇಡುತ್ತಿದ್ದೇನೆ.

ಕಾರಿನ ವಿಮೆಯಲ್ಲಿ ಎರಡು ಭಾಗಗಳುಂಟು. ಮೊದಲನೆಯದು ನಮ್ಮ ಗಾಡಿಯಿಂದ ಪರರಿಗಾಗುವ ಸಾವುನೋವು, ನಷ್ಟಗಳಿಗೆ ಸಂಬಂಧಿಸಿದ್ದು. 1988ರ ಮೋಟಾರು ವಾಹನಗಳ ಕಾಯಿದೆಯ 146ನೆಯ ಪ್ರಕರಣದಂತೆ ಇದು ಕಡ್ಡಾಯ. ಇದರ ದರವನ್ನು ಎಂಜಿನ್ನಿನ ಗಾತ್ರ ನೋಡಿ ಸರ್ಕಾರವೇ ಗೊತ್ತುಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಖಾಸಗಿ ಕಾರಿಗೆ ವರ್ಷಕ್ಕೆ 1000 ಸಿ.ಸಿ.ವರೆಗೆ 2,094 ರೂ., 1500 ಸಿ.ಸಿ.ವರೆಗೆ 3,416 ರೂ., ಅದಕ್ಕೂ ಮೇಲ್ಪಟ್ಟರೆ 7,897 ರೂ. ಎಂದಿದೆ, ತೆರಿಗೆ ಬೇರೆ. ಇಲ್ಲಿ ಚೌಕಾಸಿಗೆ ಎಡೆಯಿಲ್ಲ.

ಎರಡನೆಯದು ನಮ್ಮ ಗಾಡಿಗೇ ಆಗುವ ಹಾನಿಯ ವಿಮೆ. 2007ರ ಜನವರಿ 1ರಿಂದ ಇದರ ದರವನ್ನು ಕಂಪನಿಗಳೇ ನಿರ್ಧರಿಸುತ್ತವೆ. ಬೆಲೆ ಏರಿಳಿಯುವುದು ಇಲ್ಲಿಯೇ.

ಮೊದಲ ಕಾರಣ ಗಾಡಿಯ ಘೋಷಿತ ಮೌಲ್ಯ. ಹೊಸ ಕಾರಿನ ಬೆಲೆಯಿಂದ ಮೊದಲ ಆರು ತಿಂಗಳಿಗೆ ಶೇ. 5ರಂತೆ ಆರಂಭಿಸಿ, ಐದನೆಯ ವರ್ಷಕ್ಕೆ ಶೇ. 50ರಷ್ಟು ಸವಕಲು ಕಳೆಯುತ್ತಾರೆ. ಐದು ವರ್ಷ ಮೀರಿದ ಗಾಡಿಗೆ ಇಬ್ಬರೂ ಒಪ್ಪಿದ ಮೌಲ್ಯ. ಮೌಲ್ಯವನ್ನು ಕಡಮೆ ಬರೆದರೆ ಕಂತೂ ಕಡಮೆಯಾಗುತ್ತದೆ. ಆದರೆ ಕಾರು ಕಳವಾದ ದಿನ ಕೈಗೆ ಬರುವುದೂ ಆ ಕಡಮೆ ಮೊತ್ತವೇ!

ಎರಡನೆಯದು ಊರು. ಹಳೆಯ ದರಪಟ್ಟಿಯಲ್ಲಿ ಬೆಂಗಳೂರು, ಮುಂಬಯಿ, ಚೆನ್ನೈ ಮುಂತಾದ ಎಂಟು ನಗರಗಳಲ್ಲಿ ನೋಂದಣಿಯಾದ ಕಾರುಗಳನ್ನು 'ಎ' ವಲಯಕ್ಕೂ ಉಳಿದವನ್ನು 'ಬಿ' ವಲಯಕ್ಕೂ ಸೇರಿಸಿದ್ದರು. ವಾಹನ ದಟ್ಟಣೆಯಿರುವಲ್ಲಿ ಅಪಾಯ ಹೆಚ್ಚಲ್ಲವೆ? ಗಾಡಿಯ ವಯಸ್ಸು, ಮಾದರಿ, ನಷ್ಟದಲ್ಲಿ ಎಷ್ಟು ಪಾಲನ್ನು ಒಡೆಯನೇ ಹೊರುತ್ತಾನೆಂಬುದು, ಇವೂ ಲೆಕ್ಕಕ್ಕೆ ಬರುತ್ತವೆ.

ಕೊನೆಯದು ಎಲ್ಲಕ್ಕಿಂತ ಸ್ವಾರಸ್ಯವಾದದ್ದು. ಒಂದು ವರ್ಷ ಪರಿಹಾರ ಕೇಳದೆ ಇದ್ದವನಿಗೆ ಈ ಎರಡನೆಯ ಭಾಗದ ಕಂತಿನಲ್ಲಿ ಶೇ. 20 ರಿಯಾಯಿತಿ ಉಂಟು. ಅದು ಕ್ರಮವಾಗಿ 25, 35, 45 ಆಗಿ, ಐದನೆಯ ವರ್ಷಕ್ಕೆ ಶೇ. 50 ತಲಪುತ್ತದೆ. ಇದು ಮನುಷ್ಯನ ಗಳಿಕೆ, ಗಾಡಿಯದಲ್ಲ. ಕಾರು ಮಾರಿದವನು ಇದನ್ನು ತನ್ನ ಮುಂದಿನ ಕಾರಿಗೆ ಒಯ್ಯಬಹುದು; ಕೊಂಡವನಿಗೆ ಇದು ದಕ್ಕದು.

ಮಾವನ ಅರ್ಜಿಯಲ್ಲಿ ಶೇ. 50 ಎಂದು ಬರೆದಿತ್ತು. ಅವರಿಗೆ ಅದೇ ಮೊದಲನೆಯ ಕಾರು! ಹಿಂದಿನ ಒಡೆಯರ ಗಳಿಕೆಯನ್ನು ಇವರ ಹೆಸರಿಗೆ ಬರೆದಿದ್ದರು. ಈ ಸುಳ್ಳು ಹೊರಬಿದ್ದರೆ ಗಾಡಿಯ ಹಾನಿಗೆ ಪರಿಹಾರವನ್ನೇ ನಿರಾಕರಿಸಬಹುದೆಂದು ನಾನು ಹೇಳಿದೆ. "ನಿನ್ನನ್ನು ಓದಿಸಿದ್ದು ಖರ್ಚು ಹೆಚ್ಚಿಸುವುದಕ್ಕೋ?" ಎಂದು ಮಾವ ಸಿಡುಕಿದರು. ನನ್ನ ಶುಲ್ಕಕ್ಕೆ ಎಷ್ಟೋ ಸಲ ಕೈಯಿಂದ ಹಣ ಕೊಟ್ಟವರು ಅವರು; ಎದುರಾಡಲು ನಾಲಗೆ ಏಳಲಿಲ್ಲ. ಕಾಗದವನ್ನು ಮಾತ್ರ ಕೆಳಗಿಡಲಿಲ್ಲ. ಮರುದಿನ ತಾವೇ ಅರ್ಜಿಯನ್ನು ತಿದ್ದಿಸಿ, ಹೆಚ್ಚಿನ ಹಣ ಕಟ್ಟಿ ಬಂದರು.

ಅಗ್ಗವೆಂದು ಕಂಡಾಗ, ಏನನ್ನು ಬಿಟ್ಟುದರಿಂದ ಅಗ್ಗವಾಯಿತೆಂದು ಕೇಳಬೇಕು. ನನಗೆ ತಿಳಿದ ಮಟ್ಟಿಗೆ ವಿಮೆಯ ಪಾಠವೆಲ್ಲ ಇಷ್ಟೇ. ಈ ವರ್ಷ ಮಾವನಿಗೆ ಶೇ. 20 ರಿಯಾಯಿತಿ ದೊರಕಿತು. ಅದು ಅವರದೇ ಗಳಿಕೆ.