ಮಕ್ಕಳ ಸಮುದ್ರ ಪ್ರವಾಸ: ಸಹಿ ಮಾಡುವ ಮೊದಲು ಕೇಳೋಣ



ದೀಪಾವಳಿ ಮುಗಿದ ಮೇಲೆ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಪುರ್ತಗೇರಿ, ಗಜೇಂದ್ರಗಡ, ರೋಣದ ಕಡೆಯ ಮಕ್ಕಳಿಗೆ ಗೋಕರ್ಣ, ಮುರುಡೇಶ್ವರದ ಸಮುದ್ರ ನೋಡುವುದೆಂದರೆ ಎಲ್ಲಿಲ್ಲದ ಖುಷಿ. ಮನೆಗೆ ಒಪ್ಪಿಗೆ ಪತ್ರ ಬರುತ್ತದೆ. ಸಂಘದ ಸಾಲವೋ, ಕೈಗಡವೋ, ಹೇಗೋ ದುಡ್ಡು ಹೊಂದಿಸುತ್ತೇವೆ. "ಮಾಸ್ತರ್ರು ಇರ್ತಾರಲ್ಲ, ಹೋಗಿ ಬರ್ಲಿ ಬಿಡ್ರಿ" ಎಂದು ಸಹಿ ಮಾಡಿ ಕಳಿಸುತ್ತೇವೆ. ಪ್ರಶ್ನೆ ಕೇಳುವುದಿಲ್ಲ. ಈ ಪಾಠ ಆ ಪ್ರಶ್ನೆಗಳ ಬಗ್ಗೆ.

ಮುರುಡೇಶ್ವರದಲ್ಲಿ ನಡೆದದ್ದು

2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಮಕ್ಕಳು ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದರು. ಸಮುದ್ರಕ್ಕೆ ಇಳಿದವರಲ್ಲಿ ನಾಲ್ವರು ಹುಡುಗಿಯರು ಅಲೆಗೆ ಸಿಕ್ಕಿ ತೀರಿಕೊಂಡರು. ಸರ್ಕಾರ ಆ ಕುಟುಂಬಗಳಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಶಿಕ್ಷಕರ ಮೇಲೆ ಕ್ರಮವೂ ಆಯಿತು. ಆದರೆ ಮಕ್ಕಳು ತಿರುಗಿ ಬರಲಿಲ್ಲ. ಕೋಲಾರವೂ ನಮ್ಮ ಹಾಗೆ ಸಮುದ್ರದಿಂದ ದೂರದ, ಮಳೆ ಕಮ್ಮಿಯ ಸೀಮೆ. ಆ ತಾಯಂದಿರ ಜಾಗದಲ್ಲಿ ನಾವೂ ಇರಬಹುದಿತ್ತು.

ಸಮುದ್ರ ಬಾವಿಯಂತಲ್ಲ

"ನಮ್ಮ ಹುಡುಗಗ ಬಾವ್ಯಾಗ ಈಜು ಬರ್ತೈತಿ" ಎಂದು ಕೆಲವರು ಹೇಳುತ್ತಾರೆ. ಬಾವಿಯ ನೀರು ನಿಂತಿರುತ್ತದೆ, ಸಮುದ್ರದ ನೀರು ಎಳೆಯುತ್ತದೆ. ದಡಕ್ಕೆ ಬಂದ ಅಲೆಯ ನೀರು ತಿರುಗಿ ಹೋಗಬೇಕಲ್ಲ? ಕೆಲವು ಕಡೆ ಅದು ಒಂದು ಕಾಲುವೆಯಂತೆ ಸೇರಿಕೊಂಡು ಜೋರಾಗಿ ಒಳಕ್ಕೆ ಹರಿಯುತ್ತದೆ. ಆ ಜಾಗದಲ್ಲಿ ಅಲೆ ಕಡಿಮೆ ಒಡೆಯುವುದರಿಂದ ನೀರು ಶಾಂತವಾಗಿ ಕಾಣುತ್ತದೆ. ಗೊತ್ತಿಲ್ಲದವರು "ಇಲ್ಲಿ ಚಲೋ ಐತಿ" ಎಂದು ಅಲ್ಲೇ ಇಳಿಯುತ್ತಾರೆ. ಸೆಳೆತದ ಎದುರು ಈಜಿದರೆ ಒಳ್ಳೆಯ ಈಜುಗಾರನೂ ದಣಿದು ಮುಳುಗುತ್ತಾನೆ. ಮಳೆಗಾಲದಲ್ಲಿ ಕಡಲು ಇನ್ನೂ ಒರಟು.

ಶಾಲೆಗೆ ಕೇಳಬೇಕಾದ ಪ್ರಶ್ನೆಗಳು

1. ಮಕ್ಕಳು ನೀರಿಗೆ ಇಳಿಯುತ್ತಾರೋ, ದಡದಿಂದ ನೋಡುತ್ತಾರೋ? ಇದನ್ನು ಹೊರಡುವ ಮೊದಲೇ ತೀರ್ಮಾನಿಸಬೇಕು, ದಂಡೆಯ ಮೇಲೆ ನಿಂತಲ್ಲ.
2. ಆ ಕಡಲತೀರದಲ್ಲಿ ಜೀವರಕ್ಷಕರು ಇದ್ದಾರೆಯೇ? ಅವರು ಬೇಡವೆಂದರೆ, ಕೆಂಪು ಬಾವುಟ ಇದ್ದರೆ, ಇಳಿಯುವ ಮಾತೇ ಬೇಡ.
3. ಯಾವ ಶಿಕ್ಷಕರ ಪಾಲಿಗೆ ಯಾವ ಮಕ್ಕಳು? ಹೆಸರು ಬರೆದ ಪಟ್ಟಿ ಇದೆಯೇ? ಹುಡುಗಿಯರ ಜೊತೆ ಶಿಕ್ಷಕಿ ಇದ್ದಾರೆಯೇ?
4. ತಲೆ ಎಣಿಕೆ ಯಾವಾಗ, ಯಾರು ಮಾಡುತ್ತಾರೆ?
5. ದೋಣಿ ಹತ್ತಿಸಿದರೆ ಪ್ರತಿ ಮಗುವಿಗೂ ಲೈಫ್ ಜಾಕೆಟ್ ಸಿಗುತ್ತದೆಯೇ?
6. ಫಿಟ್ಸ್, ಉಬ್ಬಸ ಇರುವ ಮಕ್ಕಳ ವಿಷಯ ಶಿಕ್ಷಕರಿಗೆ ತಿಳಿದಿದೆಯೇ? ಇದನ್ನು ನಾವೇ ಮುಚ್ಚಿಡದೆ ಹೇಳಬೇಕು.

ಈಗ ಮುಲ್ಕಿ, ಸಸಿಹಿತ್ಲು ಕಡೆ ಸರ್ಫಿಂಗ್, ಅಂದರೆ ಹಲಗೆಯ ಮೇಲೆ ನಿಂತು ಅಲೆ ಏರುವ ಆಟ, ಹೆಸರು ಮಾಡಿದೆ. ಶಾಲೆಯವರು ಅಂಥದ್ದಕ್ಕೆ ಕರೆದೊಯ್ದರೆ ಇನ್ನೆರಡು ಕೇಳಿ: ಕಲಿಸುವವರು ತರಬೇತಿ ಪಡೆದವರೇ? ಒಬ್ಬರ ಕೈಯಲ್ಲಿ ಎಷ್ಟು ಮಕ್ಕಳು? ಈಜು ಬಾರದ ಮಗುವಿಗೆ ಅಂದೇ ಹಲಗೆ ಕೊಡುವುದು ಸರಿಯಲ್ಲ.

ಮಕ್ಕಳಿಗೆ ಮನೆಯಲ್ಲೇ ಕಲಿಸೋಣ

ಶಿಕ್ಷಕರು ಹೇಳದೆ ನೀರಿಗೆ ಕಾಲಿಡಬೇಡ. ಅಲೆಗೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳಬೇಡ. ನೀರು ಎಳೆದರೆ ಗಾಬರಿಯಾಗದೆ ಅಂಗಾತ ತೇಲು, ಕೈ ಎತ್ತಿ ಕೂಗು. ಈಜು ಬಂದರೆ ದಡದ ಉದ್ದಕ್ಕೆ ಅಡ್ಡ ಈಜಿ ಸೆಳೆತದಿಂದ ಹೊರಬಾ, ಆಮೇಲೆ ದಡದ ಕಡೆ ತಿರುಗು.

ಗೆಳತಿ ಮುಳುಗುತ್ತಿದ್ದರೆ ತಾನೂ ಹಾರಬಾರದು. ಕೈ ಕೈ ಹಿಡಿದು ಸಾಲಾಗಿ ಇಳಿಯಬಾರದು. ಹಗ್ಗ, ಖಾಲಿ ಕ್ಯಾನು, ಏನಾದರೂ ತೇಲುವುದನ್ನು ಎಸೆದು ಜೀವರಕ್ಷಕರನ್ನು ಕೂಗಬೇಕು. ಮುಳುಗುವವರು ಯಾವಾಗಲೂ ಕೂಗುವುದಿಲ್ಲ, ಸದ್ದಿಲ್ಲದೆ ಹೋಗಿಬಿಡುತ್ತಾರೆ. ಅದಕ್ಕೇ ದೊಡ್ಡವರ ಕಣ್ಣು ಮೊಬೈಲಿನ ಮೇಲಲ್ಲ, ನೀರಿನ ಮೇಲಿರಬೇಕು.

ಮೇಲೆತ್ತಿದ ಮಗುವಿನ ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗೆ ಮಾಡುವುದು ತಪ್ಪು. ಉಸಿರಿಲ್ಲದಿದ್ದರೆ ತರಬೇತಿ ಇದ್ದವರು ತಕ್ಷಣ ಬಾಯಿಗೆ ಉಸಿರು ಕೊಟ್ಟು ಎದೆ ಒತ್ತಬೇಕು, ಇನ್ನೊಬ್ಬರು 108 ಅಥವಾ 112ಕ್ಕೆ ಕರೆ ಮಾಡಬೇಕು. ಎಚ್ಚರವಿದ್ದರೂ ಆಸ್ಪತ್ರೆಗೆ ತೋರಿಸಲೇಬೇಕು.

ಒಬ್ಬರೇ ಅಲ್ಲ, ಸಂಘವಾಗಿ

"ನಾವು ಸಾಲಿ ಕಲ್ತವ್ರಲ್ಲ, ಮಾಸ್ತರ್ರಿಗೆ ಹೆಂಗ ಕೇಳೂದು?" ಎಂಬ ಸಂಕೋಚ ನಮ್ಮಲ್ಲಿ ಇದೆ. ಬ್ಯಾಂಕಿಗೆ ಮೊದಲ ಸಲ ಹೋದಾಗಲೂ ಹೀಗೇ ಇತ್ತು. ಹತ್ತು ಜನ ಕೂಡಿ ಹೋದ ಮೇಲೆ ಆ ಅಂಜಿಕೆ ಹೋಯಿತು. ಶಾಲೆಗೂ ಹಾಗೆಯೇ ಹೋಗೋಣ. ಶಾಲಾಭಿವೃದ್ಧಿ ಸಮಿತಿಯಲ್ಲಿ ಪಾಲಕರಿಗೆ ಸ್ಥಾನವಿದೆ, ಅಲ್ಲಿ ಮಾತಾಡೋಣ. ಪ್ರವಾಸ ನಿಲ್ಲಿಸಿ ಎಂದು ನಾವು ಹೇಳುತ್ತಿಲ್ಲ. ಮಕ್ಕಳು ಸಮುದ್ರ ನೋಡಲಿ, ನೋಡಿ ಮನೆಗೆ ಬರಲಿ. ಕೇಳುವುದು ಜಗಳವಲ್ಲ. ಒಳ್ಳೆಯ ಶಿಕ್ಷಕರಿಗೆ ಅದರಿಂದ ಬಲವೇ ಬರುತ್ತದೆ.

ಸಭೆಯಲ್ಲಿ ಚರ್ಚಿಸಿ

1. ನಮ್ಮೂರ ಶಾಲೆ ಈ ವರ್ಷ ಎಲ್ಲಿಗೆ ಪ್ರವಾಸ ಹೋಗುತ್ತಿದೆ? ಅಲ್ಲಿ ನೀರು ಇದೆಯೇ?
2. ಮೇಲಿನ ಪ್ರಶ್ನೆಗಳಲ್ಲಿ ಯಾವುದಕ್ಕೆ ನಮಗೆ ಉತ್ತರ ಗೊತ್ತಿಲ್ಲ?
3. ಸಂಘದಿಂದ ಶಾಲೆಗೆ ಯಾರು ಯಾರು, ಯಾವ ದಿನ ಹೋಗುತ್ತೀರಿ? ಠರಾವು ಪುಸ್ತಕದಲ್ಲಿ ಬರೆಯಿರಿ.