‘ಕ್ರೇಜಿ ಲವ್’ ನೋಡಿದ ಮೇಲೆ

ಕಳೆದ ಶನಿವಾರ ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿಗೆ ‘ಕ್ರೇಜಿ ಲವ್’ ಸಾಕ್ಷ್ಯಚಿತ್ರದ ಕೆಲವು ಭಾಗಗಳನ್ನು ತೋರಿಸಿದೆವು. ಡ್ಯಾನ್ ಕ್ಲೋರ್ಸ್ 2007ರಲ್ಲಿ ತೆರೆಗೆ ತಂದ ಚಿತ್ರ. ನ್ಯೂಯಾರ್ಕಿನ ವಕೀಲ ಬರ್ಟ್ ಪುಗಾಚ್, ಹೆಂಡತಿ ಇದ್ದವನು, ಲಿಂಡಾ ರಿಸ್ ಎಂಬ ಯುವತಿಯ ಬೆನ್ನು ಬಿದ್ದ. ಆಕೆ ಅವನನ್ನು ಬಿಟ್ಟು ಬೇರೊಬ್ಬರ ಜೊತೆ ನಿಶ್ಚಿತಾರ್ಥ ಮಾಡಿಕೊಂಡಳು. 1959ರ ಜೂನ್‌ನಲ್ಲಿ ಅವನು ಬಾಡಿಗೆ ಗೂಂಡಾಗಳಿಂದ ಅವಳ ಮುಖಕ್ಕೆ ಕಾಸ್ಟಿಕ್ ದ್ರಾವಣ ಎರಚಿಸಿದ. ಅವಳ ದೃಷ್ಟಿ ಹೋಯಿತು. 14 ವರ್ಷ ಜೈಲಿನಲ್ಲಿದ್ದವನು ಅಲ್ಲಿಂದಲೂ ಪತ್ರ ಬರೆಯುತ್ತಿದ್ದ. 1974ರಲ್ಲಿ ಹೊರಬಂದ, ಅದೇ ವರ್ಷ ಅವಳನ್ನೇ ಮದುವೆಯಾದ.

ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: “ಕೊನೆಗೂ ಒಂದಾದರಲ್ಲ ಸರ್?” ಕೆಲವರು ನಕ್ಕರು. ಕಿಟಕಿ ಪಕ್ಕದ ವಿದ್ಯಾರ್ಥಿನಿ ತಿರುಗಿ, “ಕಣ್ಣು ಕಿತ್ತುಕೊಂಡು, ಬೇರೆ ದಾರಿನೇ ಇಲ್ಲದ ಹಾಗೆ ಮಾಡಿದ ಮೇಲೆ ಒಂದಾದರು ಅನ್ನೋದಾ?” ಎಂದಳು. ತರಗತಿ ತಣ್ಣಗಾಯಿತು. ಆ ಪ್ರಶ್ನೆಗೆ ನನ್ನಲ್ಲೂ ಸೇರಿಸಲು ಏನೂ ಇರಲಿಲ್ಲ. ಒಂದು ಸಂಗತಿ ಮಾತ್ರ ಹೇಳಿದೆ: ದಾಳಿಗೆ ಮೊದಲೇ ಲಿಂಡಾ ಬೆದರಿಕೆಯ ಬಗ್ಗೆ ಪೊಲೀಸರ ರಕ್ಷಣೆ ಕೇಳಿದ್ದಳು, ಸಿಗಲಿಲ್ಲ. ನಗರಾಡಳಿತ ಇದಕ್ಕೆ ಹೊಣೆಯಲ್ಲ ಎಂದು 1968ರಲ್ಲಿ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯ ತೀರ್ಪು ಕೊಟ್ಟಿತು.

ಅಮೆರಿಕದ ಕತೆ ಎಂದು ಪಕ್ಕಕ್ಕಿಡುವಂತಿಲ್ಲ. ನಮ್ಮ ಬೆಂಗಳೂರಿನಲ್ಲೇ 1999ರ ಏಪ್ರಿಲ್‌ನಲ್ಲಿ ಹಸೀನಾ ಹುಸೇನ್ ಎಂಬ ಯುವತಿಯ ಮೇಲೆ ಹಳೆಯ ಉದ್ಯೋಗದಾತನೊಬ್ಬ ಸಲ್ಫ್ಯೂರಿಕ್ ಆಮ್ಲ ಸುರಿದ. ಆಕೆ ಅವನಲ್ಲಿ ಕೆಲಸ ಬಿಟ್ಟಿದ್ದರು, ಮತ್ತೆ ಬರುವುದಿಲ್ಲ ಎಂದಿದ್ದರು. ಅಷ್ಟೇ. ಮುಖ ಸುಟ್ಟಿತು, ಎರಡೂ ಕಣ್ಣು ಹೋದವು. ಕೆಳ ನ್ಯಾಯಾಲಯ ಕೊಟ್ಟ ಶಿಕ್ಷೆ ಸುಮಾರು ಐದು ವರ್ಷ! 2006ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಕೊಲೆಯತ್ನವೆಂದು ಎಣಿಸಿ ಜೀವಾವಧಿಗೆ ಏರಿಸಿತು. ಆಸಿಡ್ ದಾಳಿಯ ವಿರುದ್ಧದ ಚಳವಳಿಯಲ್ಲಿ ಹಸೀನಾ ತಾವೇ ವೇದಿಕೆ ಹತ್ತಿ ಮಾತನಾಡಿದರು. ಆ ದಿನಗಳಲ್ಲಿ ಆಸಿಡ್ ದಾಳಿಗೆಂದೇ ಪ್ರತ್ಯೇಕ ಕಲಮೂ ಇರಲಿಲ್ಲ. ಅದು ಬಂದದ್ದು 2013ರಲ್ಲಿ: ಕನಿಷ್ಠ 10 ವರ್ಷ, ಗರಿಷ್ಠ ಜೀವಾವಧಿ. ಈಗ ಭಾರತೀಯ ನ್ಯಾಯ ಸಂಹಿತೆಯ 124ನೇ ಕಲಮು. ಅಂಗಡಿಯವರು ಗುರುತಿನ ಚೀಟಿ ನೋಡದೆ, 18 ತುಂಬದವರಿಗೆ ಆಸಿಡ್ ಮಾರುವಂತಿಲ್ಲ ಎಂಬ ಸುಪ್ರೀಂ ಕೋರ್ಟ್ ಆದೇಶವೂ ಅದೇ ವರ್ಷದ್ದು.

ನಾನು ಕೆಮಿಸ್ಟ್ರಿ ಕಲಿಸುವವನು, ಆದ್ದರಿಂದ ಲ್ಯಾಬಿನ ಮಾತು. ಸಕ್ಕರೆಗೆ ಪ್ರಬಲ ಸಲ್ಫ್ಯೂರಿಕ್ ಆಮ್ಲ ಹಾಕಿದಾಗ ಕಪ್ಪು ಇದ್ದಿಲು ಉಬ್ಬಿ ಬರುವುದನ್ನು ನೋಡಿ ನೀವು ಚಪ್ಪಾಳೆ ತಟ್ಟುತ್ತೀರಿ. ಆಮ್ಲ ಅಲ್ಲಿ ಸಕ್ಕರೆಯಿಂದ ನೀರಿನ ಅಂಶ ಕಿತ್ತುಕೊಳ್ಳುತ್ತದೆ, ಬಿಸಿಯೂ ಏಳುತ್ತದೆ. ಚರ್ಮಕ್ಕೂ ಅದು ಬಿಡುವುದಿಲ್ಲ. ಕಾಸ್ಟಿಕ್ ಇನ್ನೂ ಕೆಟ್ಟದ್ದು: ಚರ್ಮದ ಕೊಬ್ಬನ್ನು ಸಾಬೂನಾಗಿಸುತ್ತ ಒಳಕ್ಕೆ ಇಳಿಯುತ್ತದೆ, ಕಣ್ಣಿನಲ್ಲಂತೂ ಬೇಗ. ಯಾರ ಮೇಲಾದರೂ ಬಿದ್ದರೆ ಬಟ್ಟೆ, ಒಡವೆ ತೆಗೆದು ಹರಿಯುವ ನೀರು ಬಿಡಿ, ಕನಿಷ್ಠ 20 ನಿಮಿಷ. ಟೂತ್‌ಪೇಸ್ಟ್, ಎಣ್ಣೆ, ಸೋಡಾಪುಡಿ ಯಾವುದೂ ಬೇಡ. 112ಕ್ಕೆ ಕರೆ ಮಾಡಿ. ಚಾಮರಾಜಪೇಟೆಯಿಂದ ವಿಕ್ಟೋರಿಯಾ ಆಸ್ಪತ್ರೆಗೆ ಆಟೋದಲ್ಲಿ ಹೆಚ್ಚು ದೂರವಿಲ್ಲ, ಸುಟ್ಟಗಾಯದ ವಾರ್ಡ್ ಅಲ್ಲೇ ಇದೆ. ಖಾಸಗಿ ಆಸ್ಪತ್ರೆಯಾದರೂ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು, ದುಡ್ಡು ಕಟ್ಟಿ ಎನ್ನುವಂತಿಲ್ಲ.

ಆದರೆ ಬಾಟಲಿ ಕೈಗೆ ಬರುವುದಕ್ಕೆ ಎಷ್ಟೋ ತಿಂಗಳು ಮೊದಲೇ ಇದು ಶುರುವಾಗಿರುತ್ತದೆ: ಬಸ್‌ಸ್ಟಾಪಿನಲ್ಲಿ ಕಾಯುವುದು, ಗೆಳತಿಯರ ಬಳಿ ನಂಬರ್ ಕೇಳುವುದು, ಬೇಡವೆಂದರೂ ಬಿಡದಿರುವುದು. ನಮ್ಮ ಸಿನಿಮಾಗಳು ಇದಕ್ಕೆ ಹಾಡು ಕಟ್ಟುತ್ತವೆ. ಕಾನೂನು ಇದನ್ನು ಅಪರಾಧ ಎನ್ನುತ್ತದೆ, ಮೊದಲ ಬಾರಿಗೇ ಮೂರು ವರ್ಷದವರೆಗೆ ಜೈಲು.

ಬೆಲ್ ಆದ ಮೇಲೆ ಹಿಂದಿನ ಬೆಂಚಿನ ಅದೇ ಹುಡುಗ ಸ್ಟಾಫ್‌ರೂಮಿನ ಬಾಗಿಲಿಗೆ ಬಂದ. “ಸರ್, ಬರೀ ಮೆಸೇಜ್ ಕಳಿಸಿದರೂ ಲೆಕ್ಕಕ್ಕೆ ಬರುತ್ತಾ?”

“ಅವಳು ಬೇಡ ಅಂದಿದ್ದಾಳಾ?”

ಅವನು ಸ್ವಲ್ಪ ಹೊತ್ತು ನಿಂತ. ಆಮೇಲೆ ನನ್ನೆದುರೇ ಫೋನ್ ತೆಗೆದು ಒಂದು ನಂಬರ್ ಅಳಿಸಿದ.