ಕೃಷ್ಣೆಯ ನೆರೆ ಮತ್ತು ವಿಮಾ ರಕ್ಷಣೆ: ಸಾಂಗ್ಲಿ ನಗರದ ಅನುಭವ

ದಕ್ಷಿಣ ಮಹಾರಾಷ್ಟ್ರದಲ್ಲಿ ಕೃಷ್ಣಾ ನದಿಯ ದಂಡೆಯ ಮೇಲಿರುವ ಸಾಂಗ್ಲಿಯು ಅರಿಶಿನದ ಪೇಟೆಗೆ ಹೆಸರಾದ ನಗರ. ಪಟವರ್ಧನ ಮನೆತನದ ಸಂಸ್ಥಾನದ ರಾಜಧಾನಿಯಾಗಿದ್ದ ಈ ಊರಿಗೂ ಕನ್ನಡ ನಾಡಿಗೂ ಹಳೆಯ ನಂಟುಂಟು. ಜಿಲ್ಲೆಯ ಜತ್ತ ತಾಲ್ಲೂಕಿನ ಅನೇಕ ಹಳ್ಳಿಗಳಲ್ಲಿ ಇಂದಿಗೂ ಮನೆಮಾತು ಕನ್ನಡವೇ. ಪುಣೆ, ಮುಂಬಯಿಗಳಲ್ಲಿ ನೆಲೆಸಿದ್ದು ಈ ಭಾಗದಲ್ಲಿ ಪಿತ್ರಾರ್ಜಿತ ಮನೆಯನ್ನೋ ಅಂಗಡಿಯನ್ನೋ ಉಳಿಸಿಕೊಂಡಿರುವ ಕುಟುಂಬಗಳಿಗೆ ಕೃಷ್ಣೆಯ ನೆರೆಯು ದೂರದ ಸುದ್ದಿಯಲ್ಲ.

ಸಾಂಗ್ಲಿಯಲ್ಲಿ ಬೀಳುವ ಮಳೆ ಸಾಧಾರಣವಾದುದು. ನೆರೆಯನ್ನು ತರುವ ಮಳೆ ಬೀಳುವುದು ಸಹ್ಯಾದ್ರಿಯ ನೆತ್ತಿಯಲ್ಲಿ. ಕೃಷ್ಣೆಯ ಉಗಮಸ್ಥಾನವಾದ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಕರಾಡದಲ್ಲಿ ಕೊಯ್ನಾ, ಸಾಂಗ್ಲಿಯ ಮಗ್ಗುಲಿನ ಹರಿಪುರದಲ್ಲಿ ವಾರಣಾ, ಅಲ್ಲಿಂದ ಕೆಳಗೆ ನರಸೋಬಾವಾಡಿಯಲ್ಲಿ ಪಂಚಗಂಗಾ ನದಿಗಳು ಕೃಷ್ಣೆಯನ್ನು ಕೂಡುತ್ತವೆ. ಮೇಲಿನ ಹೊಳೆ ಪ್ರವಾಹವನ್ನು ತಂದರೆ, ಕೆಳಗಿನವು ತುಂಬಿ ಹರಿದು ಆ ನೀರು ಬೇಗ ಇಳಿಯದಂತೆ ತಡೆಯುತ್ತವೆ. ನೆಲವೂ ಸಮತಟ್ಟು. ಆದ್ದರಿಂದ ನಗರದಲ್ಲಿ ಜಿಟಿಜಿಟಿ ಮಳೆಯಷ್ಟೇ ಇದ್ದಾಗಲೂ ನದಿಯು ಗಂಟೆಗಂಟೆಗೂ ಏರುತ್ತಿರಬಹುದು; ಆಕಾಶವನ್ನು ನೋಡಿ ನೆರೆಯನ್ನು ಅಂದಾಜು ಮಾಡುವವರು ಇಲ್ಲಿ ಮೋಸಹೋಗುತ್ತಾರೆ.

ನಗರವು ನಂಬುವುದು ಇರ್ವಿನ್ ಸೇತುವೆಯ ಅಳತೆಪಟ್ಟಿಯನ್ನು. 1929ರಲ್ಲಿ ಸಂಚಾರಕ್ಕೆ ತೆರೆದ ಈ ಸೇತುವೆಯ ಬಳಿ 40 ಅಡಿ ಎಚ್ಚರಿಕೆಯ ಮಟ್ಟ, 45 ಅಡಿ ಅಪಾಯದ ಮಟ್ಟ. ಸೂರ್ಯವಂಶಿ ಪ್ಲಾಟ್, ದತ್ತನಗರ, ಕರ್ನಾಳ ರಸ್ತೆಯಂತಹ ತಗ್ಗು ಬಡಾವಣೆಗಳಿಗೆ ಎಚ್ಚರಿಕೆಯ ಮಟ್ಟಕ್ಕೆ ಮುನ್ನವೇ ನೀರು ನುಗ್ಗುವುದುಂಟು. 2005ರಲ್ಲಿ ನದಿಯು 53 ಅಡಿಯನ್ನು ದಾಟಿತು. ಇದಕ್ಕಿಂತ ಹೆಚ್ಚಿನದು ಬಾರದೆಂದು ಅನೇಕರು ಆ ಗುರುತಿಗಿಂತ ತುಸು ಮೇಲೆ ಮನೆಯ ನೆಲಗಟ್ಟನ್ನು ಎತ್ತರಿಸಿಕೊಂಡರು. 2019ರ ಆಗಸ್ಟ್ ತಿಂಗಳಲ್ಲಿ ಅದೇ ಪಟ್ಟಿ 57 ಅಡಿಯನ್ನು ಮೀರಿತು. ಪುಣೆ-ಬೆಂಗಳೂರು ಹೆದ್ದಾರಿಯು ಕೊಲ್ಹಾಪುರದ ಬಳಿ ಹಲವು ದಿನ ಮುಳುಗಿತ್ತು. ಪಲೂಸ ತಾಲ್ಲೂಕಿನ ಬ್ರಹ್ಮನಾಳದಲ್ಲಿ, ನೆರೆಯಿಂದ ಜನರನ್ನು ಸಾಗಿಸುತ್ತಿದ್ದ ದೋಣಿ ಮಗುಚಿ ಹನ್ನೆರಡಕ್ಕೂ ಹೆಚ್ಚು ಮಂದಿ ಜೀವ ಕಳೆದುಕೊಂಡರು. ಎರಡು ವರ್ಷ ಕಳೆಯುವಷ್ಟರಲ್ಲಿ, 2021ರ ಜುಲೈನಲ್ಲಿ, ನದಿಯು ಮತ್ತೆ 2005ರ ಮಟ್ಟವನ್ನು ಮೀರಿ ಹರಿಯಿತು.

ಈ ನೆರೆಗಳಿಗೆ ಕರ್ನಾಟಕದ ಆಲಮಟ್ಟಿ ಜಲಾಶಯದ ಹಿನ್ನೀರೇ ಕಾರಣವೆಂಬ ಮಾತು ಸಾಂಗ್ಲಿಯಲ್ಲಿ ಬಹುಕಾಲದಿಂದ ಕೇಳಿಬರುತ್ತಿದೆ. 2019ರ ನೆರೆಯನ್ನು ಪರಿಶೀಲಿಸಲು ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ವಡನೇರೆ ಸಮಿತಿಯು 2020ರ ವರದಿಯಲ್ಲಿ ಅದನ್ನು ಒಪ್ಪಲಿಲ್ಲ. ಅಲ್ಪಾವಧಿಯಲ್ಲಿ ಸುರಿದ ಅಸಾಧಾರಣ ಮಳೆಯನ್ನೂ ನದೀಪಾತ್ರದ ಒತ್ತುವರಿಯನ್ನೂ ಎತ್ತಿ ತೋರಿಸಿತು. ಅಣೆಕಟ್ಟಿನ ಎತ್ತರದ ಬಗ್ಗೆ ಎರಡು ರಾಜ್ಯಗಳ ನಡುವೆ ಭಿನ್ನಾಭಿಪ್ರಾಯವಿದ್ದೇ ಇದೆ. ವಿಮಾ ಪಾಲಿಸಿಗೆ ಮಾತ್ರ ಈ ವಾದದಿಂದ ಆಗಬೇಕಾದುದೇನೂ ಇಲ್ಲ. ನೀರು ಎಲ್ಲಿಂದ ಬಂದರೂ ಅದು ನೆರೆಯೇ.

ನೀಲಿ ರೇಖೆ, ಕೆಂಪು ರೇಖೆ

ಮಹಾರಾಷ್ಟ್ರದಲ್ಲಿ ನದಿಗಳ ಬದಿಗೆ ಎರಡು ರೇಖೆಗಳನ್ನು ಗುರುತಿಸುವ ಪದ್ಧತಿಯಿದೆ. 25 ವರ್ಷಕ್ಕೊಮ್ಮೆ ಬರಬಹುದಾದ ನೆರೆಯ ಎಲ್ಲೆ ನೀಲಿ ರೇಖೆ; 100 ವರ್ಷಕ್ಕೊಮ್ಮೆಯದು ಕೆಂಪು ರೇಖೆ. ನೀಲಿ ರೇಖೆಯೊಳಗೆ ಕಟ್ಟಡ ನಿಷಿದ್ಧ, ಎರಡರ ನಡುವೆ ನಿರ್ಬಂಧಿತ. 'ವರ್ಷಕ್ಕೊಮ್ಮೆ' ಎಂಬ ಮಾತು ಜನರನ್ನು ದಾರಿ ತಪ್ಪಿಸುತ್ತದೆ. ಒಮ್ಮೆ ನೆರೆ ಬಂದರೆ ಮುಂದಿನ 25 ವರ್ಷ ನಿಶ್ಚಿಂತೆ ಎಂಬುದು ಇದರ ಅರ್ಥವಲ್ಲ. ಪ್ರತಿವರ್ಷವೂ ನೂರಕ್ಕೆ ನಾಲ್ಕರಷ್ಟು ಸಂಭವವಿದೆ ಎಂಬುದೇ ಅರ್ಥ. ಗೃಹಸಾಲದ ಅವಧಿ 20 ವರ್ಷವೆಂದುಕೊಂಡರೆ, ನೀಲಿ ರೇಖೆಯ ಅಂಚಿನ ಮನೆಗೆ ಆ ಅವಧಿಯಲ್ಲಿ ಒಮ್ಮೆಯಾದರೂ ನೀರು ಬರುವ ಸಂಭವ ನೂರಕ್ಕೆ ಸುಮಾರು 56. ಕೆಂಪು ರೇಖೆಯ ಅಂಚಿನಲ್ಲೂ ಅದು ನೂರಕ್ಕೆ ಸುಮಾರು 18. ನಿವೇಶನವನ್ನು ಕೊಳ್ಳುವ ಮುನ್ನ ನಗರಪಾಲಿಕೆಯಲ್ಲಿ ಈ ರೇಖೆಗಳನ್ನು ನೋಡುವವರು ವಿರಳ.

ಅರಿಶಿನದ ಹಗೇವು

ಹರಿಪುರದ ಗಟ್ಟಿ ಮಣ್ಣಿನಲ್ಲಿ ಕಿರಿದಾದ ಬಾಯಿಯ ಆಳವಾದ ಹಗೇವುಗಳನ್ನು ತೋಡಿ, ಅರಿಶಿನವನ್ನು ತುಂಬಿ ಬಾಯಿ ಮುಚ್ಚುವ ಪದ್ಧತಿ ಈ ಪೇಟೆಯ ವೈಶಿಷ್ಟ್ಯವಾಗಿತ್ತು. ಮರಾಠಿಯಲ್ಲಿ ಇದಕ್ಕೆ 'ಪೇವ' ಎನ್ನುತ್ತಾರೆ. ಒಳಗೆ ಗಾಳಿಯಾಡದ ಕಾರಣ ಹುಳು ಹಿಡಿಯದೆ ಮಾಲು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಆದರೆ ಈ ಉಗ್ರಾಣವು ನೆಲದ ಕೆಳಗೆ, ಅದೂ ಎರಡು ನದಿಗಳ ಸಂಗಮದ ಬಳಿ. 2005ರ ನೆರೆಯಲ್ಲಿ ಅನೇಕ ಹಗೇವುಗಳಿಗೆ ನೀರಿಳಿದು ದಾಸ್ತಾನು ಕೊಳೆಯಿತು; ವ್ಯಾಪಾರವು ಕ್ರಮೇಣ ಗೋದಾಮುಗಳತ್ತ ಸರಿಯಿತು. 2018ರಲ್ಲಿ ಸಾಂಗ್ಲಿ ಅರಿಶಿನಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯುವ ಹೊತ್ತಿಗೆ ಹಗೇವು ಬಹುಮಟ್ಟಿಗೆ ಹಿಂದಿನವರ ಮಾತಾಗಿತ್ತು.

ದಾಸ್ತಾನಿನ ವಿಮೆಯಲ್ಲಿ ವರ್ತಕರು ಎಡವುವುದು ಎರಡು ಕಡೆ. ಮಾಲು ಇರುವ ಪ್ರತಿಯೊಂದು ಸ್ಥಳದ ವಿಳಾಸವೂ ಪಾಲಿಸಿಯಲ್ಲಿರಬೇಕು. ಪೇಟೆಯ ಅಂಗಡಿಯ ಹೆಸರಿನ ಪಾಲಿಸಿ ಊರಾಚೆಯ ಗೋದಾಮನ್ನು ಕಾಯುವುದಿಲ್ಲ. ಎರಡನೆಯದು, ಕಂತನ್ನು ಉಳಿಸಲು ಮೌಲ್ಯವನ್ನು ಕಡಿಮೆ ತೋರಿಸುವುದು. 20 ಲಕ್ಷ ರೂಪಾಯಿಯ ಮಾಲಿಗೆ 10 ಲಕ್ಷಕ್ಕೆ ವಿಮೆ ಮಾಡಿಸಿದವರಿಗೆ 6 ಲಕ್ಷದ ಹಾನಿಯಾದರೆ, ಸರಾಸರಿಯ ನಿಯಮದಂತೆ ದೊರೆಯುವುದು 3 ಲಕ್ಷ ಮಾತ್ರ. 5 ಕೋಟಿ ರೂಪಾಯಿವರೆಗಿನ ಆಸ್ತಿಯುಳ್ಳ ಉದ್ದಿಮೆಗಳಿಗಾಗಿ ಇರುವ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಪಾಲಿಸಿಯು ಶೇಕಡ 15ರವರೆಗಿನ ಇಂತಹ ಕೊರತೆಯನ್ನು ಮನ್ನಿಸುತ್ತದೆ.

ಮನೆಗೆ ವಿಮೆ

ವಾಸದ ಮನೆಗಳಿಗೆ 2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಪಾಲಿಸಿ ಜಾರಿಗೆ ಬಂದಿತು. ಹಿಂದಿನ ಅಗ್ನಿ ವಿಮೆಯಲ್ಲಿ ನೆರೆ-ಬಿರುಗಾಳಿಯ ರಕ್ಷಣೆಯನ್ನು ಕೈಬಿಟ್ಟು ಕಂತನ್ನು ಇಳಿಸಿಕೊಳ್ಳಲು ಅವಕಾಶವಿತ್ತು. ನದಿಯ ದಂಡೆಯವರೂ ಅದನ್ನು ಬಳಸಿದರೆ ಅದಕ್ಕಿಂತ ದುಬಾರಿಯ ಉಳಿತಾಯ ಬೇರೊಂದಿರಲಾರದು. ಹೊಸ ಪಾಲಿಸಿಯಲ್ಲಿ ಬೆಂಕಿ, ಭೂಕಂಪಗಳ ಜೊತೆಗೆ ನೆರೆಯೂ ಸೇರಿಯೇ ಇರುತ್ತದೆ. ವಿಮಾ ಮೊತ್ತಕ್ಕೆ ಆಧಾರ ಕಟ್ಟಡವನ್ನು ಮರಳಿ ಕಟ್ಟಲು ತಗಲುವ ವೆಚ್ಚ. ನಿವೇಶನದ ಬೆಲೆ ಲೆಕ್ಕಕ್ಕಿಲ್ಲ. 800 ಚದರ ಅಡಿಯ ಮನೆಗೆ ಚದರ ಅಡಿಗೆ 2000 ರೂಪಾಯಿ ಹಿಡಿದರೆ ಮೊತ್ತ 16 ಲಕ್ಷ. ಮನೆಯೊಳಗಿನ ವಸ್ತುಗಳಿಗೆ ಇದರ ಶೇಕಡ 20, ಎಂದರೆ 3 ಲಕ್ಷ 20 ಸಾವಿರ ರೂಪಾಯಿಗಳ ರಕ್ಷಣೆ ಪಟ್ಟಿಯನ್ನು ಕೊಡದೆಯೇ ಲಭಿಸುತ್ತದೆ. ಇದರ ಗರಿಷ್ಠ ಮಿತಿ 10 ಲಕ್ಷ. ಬಾಡಿಗೆದಾರರು ವಸ್ತುಗಳಿಗೆ ಮಾತ್ರವೂ ವಿಮೆ ಪಡೆಯಬಹುದು.

2019ರ ನೆರೆಯ ನಂತರ ಮಹಾರಾಷ್ಟ್ರ ಸರ್ಕಾರವು ಬಾಧಿತ ಕುಟುಂಬಗಳಿಗೆ ಪ್ರಕಟಿಸಿದ ತುರ್ತು ನೆರವು ಗ್ರಾಮಗಳಲ್ಲಿ 10,000, ನಗರಗಳಲ್ಲಿ 15,000 ರೂಪಾಯಿ. ಒಲೆ ಹೊತ್ತಿಸಲು ಅದು ನೆರವಾದೀತು. ಕುಸಿದ ಗೋಡೆಯನ್ನು ಕಟ್ಟಲು ಸಾಲದು.

ಪಿತ್ರಾರ್ಜಿತ ಮನೆಯ ಕಂದಾಯ ಪತ್ರಗಳು ದಿವಂಗತ ಹಿರಿಯರ ಹೆಸರಿನಲ್ಲೇ ಉಳಿದಿದ್ದರೆ ಪರಿಹಾರದ ವೇಳೆ ತೊಡಕಾಗುತ್ತದೆ. ಖಾತೆ ಬದಲಾವಣೆ ಮೊದಲು ಆಗಬೇಕು. ಪಾಲಿಸಿಯ ಹಾಗೂ ಖರೀದಿ ರಸೀದಿಗಳ ಪ್ರತಿಯೊಂದನ್ನು ಬೇರೆ ಊರಿನ ಬಂಧುಗಳಲ್ಲಿ ಇರಿಸುವುದು ಲೇಸು. ನೀರು ಇಳಿದೊಡನೆ ಕಂಪನಿಗೆ ತಿಳಿಸಿ, ಗೋಡೆಯ ಮೇಲಿನ ನೀರಿನ ಗುರುತಿನ ಸಮೇತ ಛಾಯಾಚಿತ್ರಗಳನ್ನು ತೆಗೆದು, ಸರ್ವೇಯರರು ನೋಡುವ ಮುನ್ನ ಕೆಟ್ಟ ವಸ್ತುಗಳನ್ನು ಎಸೆಯದಿರಬೇಕು. ನೀರಿನಲ್ಲಿ ನಿಂತ ವಾಹನದ ಎಂಜಿನನ್ನು ಚಾಲೂ ಮಾಡಬಾರದು. ಅದರಿಂದಾಗುವ ಹಾನಿಯನ್ನು ಪ್ರತ್ಯೇಕ ಎಂಜಿನ್ ರಕ್ಷಣೆ ಇಲ್ಲದಿದ್ದರೆ ಕಂಪನಿಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಪರಿಹಾರವನ್ನು ನಿರಾಕರಿಸಿದಲ್ಲಿ ಮೊದಲು ಕಂಪನಿಗೆ ಲಿಖಿತ ದೂರು ಕೊಡಬೇಕು. 30 ದಿನಗಳಲ್ಲಿ ತೃಪ್ತಿಕರ ಉತ್ತರ ಬಾರದಿದ್ದರೆ, ಒಂದು ವರ್ಷದೊಳಗೆ ವಿಮಾ ಲೋಕಪಾಲರನ್ನು ಶುಲ್ಕವಿಲ್ಲದೆ ಆಶ್ರಯಿಸಬಹುದು. ಅವರ ಕಚೇರಿಗಳು ಮುಂಬಯಿ, ಪುಣೆ, ಬೆಂಗಳೂರು, ಹೈದರಾಬಾದ್, ಚೆನ್ನೈ, ದೆಹಲಿಗಳಲ್ಲಿ ಇವೆ.